ಬಹುಮಾನಕ್ಕೆ ನಾಯಿ ಕೇಳಿದ ವೀರ

ತಲಕಾಡಿನ ಗಂಗರ ಕಾಲದಲ್ಲಿ ಹೊರಗಿನಿಂದ ಬಂದ ಮನೆತನದ ಯೋಧರಿಗೂ ಶೌರ್ಯದ ಮನ್ನಣೆ ಸಿಗುತ್ತಿತ್ತೇ?
– ಓದುಗರೊಬ್ಬರು, ಬದನವಾಳು

ಸಿಗುತ್ತಿತ್ತು. ಗಂಗರ ಯೋಧ ಮಣಲೇರನನ್ನೇ ನೋಡಿ. ಅವನ ಬಿರುದು ಮನೆತನದ ಮೂಲವನ್ನು ಗುಜರಾತಿನ ವಳಭಿಗೆ ಒಯ್ಯುತ್ತದೆ. ಅವನ ಒಡೆಯ, ಗಂಗರ ಅರಸ ಇಮ್ಮಡಿ ಬೂತುಗ, ದಾಯಾದಿ ಕಾಳಗದಲ್ಲಿ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಪಡೆದವನು. ಮುಂದೆ ಚೋಳರ ಮೇಲಿನ ತಕ್ಕೋಲಂ ಯುದ್ಧದಲ್ಲಿ (949) ಮಣಲೇರ ಮೆರೆದಾಗ, ಮೆಚ್ಚಿದ ಅರಸ ಬೇಕಾದ್ದು ಕೇಳೆಂದ. ಊರಲ್ಲ, ಹೊನ್ನಲ್ಲ, ಈ ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ಬೇಟೆನಾಯಿ!

ಕಾಡುಹಂದಿಯೊಡನೆ ಸೆಣಸಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಾಯಿಗೇ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಪತ್ರಿಕೆಯ ಪುಟದಂತೆ ನಾಯಿ-ಹಂದಿಯ ಚಿತ್ರ, ಸುತ್ತ ಅಕ್ಷರ. ಈಗದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ.