ತೊನ್ನು ಮಕ್ಕಳಿಗೂ ಬರುತ್ತದೆಯೇ?

ನೀವು ಮಗರಪಟ್ಟಾದ ಯಾವುದೋ ಐಟಿ ಕಂಪೆನಿಯಲ್ಲಿರಬಹುದು. ಊರು ಕಲಬುರಗಿಯೋ ವಿಜಯಪುರವೋ ಆಗಿರಬಹುದು. ಮನೆಯಲ್ಲಿ ನಿಕಾಹ್ ಮಾತು ಶುರುವಾಗಿದೆ. ನಿಮ್ಮ ಮೊಣಕೈ ಮೇಲೆ ಬಿಳಿ ಕಲೆ. ನನಗಿರೋದು ಇರಲಿ, ನಾಳೆ ಹುಟ್ಟುವ ಮಗುವಿಗೂ ಬಂದರೆ ಎಂಬ ಚಿಂತೆ ನಿದ್ದೆ ಕೆಡಿಸುತ್ತಿದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕೆಲವರು ಇದನ್ನು ಬಿಳಿಕುಷ್ಠ ಅಂತಾರೆ. ಅರ್ಧ ಅನಾಹುತ ಈ ಮಾತಿನದ್ದೇ. ಕುಷ್ಠ ರೋಗಾಣುವಿನಿಂದ ಬರುವಂಥದ್ದು. ತೊನ್ನು ಅಂಟುವುದಿಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವುದರಿಂದ ಬರುತ್ತದೆ. ಅರಬಿಯಲ್ಲೂ ತೊನ್ನಿಗೆ 'ಬರಸ್', ಕುಷ್ಠಕ್ಕೆ 'ಜುಝಾಮ್' ಎಂದು ಬೇರೆ ಬೇರೆ ಪದಗಳಿವೆ.

ಇನ್ನು ಮಕ್ಕಳ ವಿಷಯ. ವಂಶದ ಪಾಲು ಇದೆ, ಇಲ್ಲ ಅನ್ನಲಾಗದು. ಆದರೆ ಎಷ್ಟು? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೊನ್ನು ಇರುವವರ ಒಡಹುಟ್ಟಿದವರ ಪೈಕಿ ಸುಮಾರು ಶೇ. 6 ಮಂದಿಗೆ ಅದು ಕಂಡಿತ್ತು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇದ್ದದ್ದು ಶೇ. 23ರಷ್ಟು ಮಾತ್ರ. ಅವರ ಜೀನ್‌ಗಳು ಒಂದೇ, ಆದರೂ ಹೆಚ್ಚಿನವರಲ್ಲಿ ಇನ್ನೊಬ್ಬರಿಗೆ ಬರಲಿಲ್ಲ! ಮಕ್ಕಳಿಗೆ ಬರುವ ಸಾಧ್ಯತೆಯೂ ನೂರಕ್ಕೆ ಐದಾರರ ಆಸುಪಾಸು. ಯಾವ ಮಗುವಿಗೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಬಂತು ಅಂದರೆ ತಪ್ಪು ಯಾರದು? ನಮ್ಮ ಮನೆಗಳಲ್ಲಿ ಬೆರಳು ತಾಯಿಯ ಕಡೆಗೇ ಹೋಗುತ್ತದೆ. ಬುಖಾರಿಯಲ್ಲಿ ವರದಿಯಾದ ಒಂದು ಘಟನೆ ನೆನಪಿಸಿಕೊಳ್ಳಿ. ಕಪ್ಪು ಮಗು ಹುಟ್ಟಿತೆಂದು ಒಬ್ಬಾತ ಪತ್ನಿಯ ಮೇಲೆ ಸಂಶಯಪಟ್ಟು ಪ್ರವಾದಿವರ್ಯರ(ಸ) ಬಳಿ ಬಂದ. ಅವರು ಅವನ ಒಂಟೆಗಳ ಬಣ್ಣ ಕೇಳಿದರು. ಎಲ್ಲ ಕೆಂಪು, ನಡುವೆ ಬೂದು ಬಣ್ಣದವೂ ಇವೆ ಎಂದ. ಅವು ಎಲ್ಲಿಂದ ಬಂದವು? ಹಿಂದಿನ ಯಾವುದೋ ವಂಶದ ಎಳೆ ಇರಬೇಕು ಎಂದ. ನಿನ್ನ ಮಗನದ್ದೂ ಹಾಗೇ ಇರಬಹುದಲ್ಲ ಎಂದರು. ಅನುವಂಶೀಯತೆಯನ್ನು ಒಪ್ಪಿದರು, ಯಾರನ್ನೂ ದೂಷಿಸಲಿಲ್ಲ.

ಈ ಅಳುಕು ನಮ್ಮ ಸಮುದಾಯದ್ದಷ್ಟೇ ಅಲ್ಲ. ನೀವಿರುವ ಪುಣೆಯಲ್ಲೇ ಡಾ. ಮಾಯಾ ತುಳಪುಳೆ ಅವರ 'ಶ್ವೇತಾ' ಸಂಸ್ಥೆ ತೊನ್ನಿರುವವರಿಗಾಗಿ ಕೆಲಸ ಮಾಡುತ್ತಿದೆ. ಸುಮಿತ್ರಾ ಭಾವೆ, ಸುನೀಲ್ ಸುಕಥನಕರ್ ಅವರ 2006ರ ಮರಾಠಿ ಚಿತ್ರ 'ನಿತಳ್' ತೊನ್ನಿರುವ ಹುಡುಗಿಯ ಮದುವೆಯದೇ ಕಥೆ.

ನನ್ನ ಪ್ರಕಾರ ಮಗುವಿಗಿಂತ ದೊಡ್ಡ ಪ್ರಶ್ನೆ ಮುಚ್ಚಿಡುವುದರದ್ದು. ಶಾಫಿಈ, ಮಾಲಿಕೀ, ಹಂಬಲೀ ಮದ್‌ಹಬ್‌ಗಳಲ್ಲಿ ತಿಳಿಸದೆ ಮಾಡಿಕೊಂಡ ನಿಕಾಹನ್ನು ತೊನ್ನಿನ ಕಾರಣಕ್ಕೆ ರದ್ದು ಮಾಡಿಸಲು ಅವಕಾಶವಿದೆ. ಇಮಾಮ್ ಅಬೂಹನೀಫಾ ಅದನ್ನು ಒಪ್ಪಿಲ್ಲ. ಮದ್‌ಹಬ್ ಯಾವುದೇ ಇರಲಿ, ಮಾತು ಪಕ್ಕಾ ಆಗುವ ಮೊದಲೇ ಕಲೆ ಎಲ್ಲಿದೆ, ಎಷ್ಟು ವರ್ಷದಿಂದ ಇದೆ ಎಂದು ಹೇಳಿಬಿಡಿ. ಮಕ್ಕಳಿಗೆ ಬರುತ್ತದಾ ಎಂದು ಅವರು ಕೇಳಿದರೆ, ಕೊಡಲು ಲೆಕ್ಕ ನಿಮ್ಮ ಬಳಿ ಇದೆ.