ಕರ್ಚೀಫು ತಡೆಯದ ಆವಿ

ಮಕ್ಕಳೇ, ಗೋವಾದ ಗ್ಯಾರೇಜುಗಳಲ್ಲಿ ಕನ್ನಡ ಮಾತು ಕಿವಿಗೆ ಬೀಳೋದು ಹೊಸದೇನಲ್ಲ. ನಿಮ್ಮಲ್ಲಿ ಕೆಲವರ ಅಪ್ಪ, ಕಾಕಾ, ಅಣ್ಣ ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲೇ ಇರಬಹುದು. ಎಷ್ಟೋ ಪೇಂಟರುಗಳು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿಯುತ್ತಾರೆ. ಅಷ್ಟು ಸಾಕಾ?

ಬಣ್ಣದ ಕೆಲಸದಲ್ಲಿ ಗಾಳಿಗೆ ಸೇರುವುದು ಮೂರು: ಹಳೇ ಬಣ್ಣ, ಪುಟ್ಟಿ ಉಜ್ಜಿದಾಗ ಏಳುವ ಧೂಳು, ಗನ್ನಿನಿಂದ ಬರುವ ಸಣ್ಣ ಹನಿಗಳು, ಥಿನ್ನರ್‌ನ ಆವಿ. ಕರ್ಚೀಫು ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಆವಿಯ ಅಣುಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಗ್ಗುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇರುವ ಟೊಲುಯೀನ್‌ನ ಅಣುವಿನಲ್ಲಿ 7 ಕಾರ್ಬನ್, 8 ಹೈಡ್ರೋಜನ್ ಇವೆ. ಅಣುರಾಶಿ 7×12 + 8 = 92. ಗಾಳಿಯ ಸರಾಸರಿ 29. ಅಂದರೆ ಟೊಲುಯೀನ್ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ತೆರೆದ ಡಬ್ಬಿಯಿಂದ ಎದ್ದ ಆವಿ ನೆಲದ ಕಡೆ ಇಳಿದು, ತಗ್ಗಿನಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಶಟರ್ ಎಳೆದು ಕೆಲಸ ಮಾಡಿದರೆ ತಲೆನೋವು, ತಲೆಸುತ್ತು ಬರುತ್ತದೆ. ಒಂದು ಕಿಡಿ ಸಾಕು, ಬೆಂಕಿಯೂ ಹತ್ತುತ್ತದೆ. ಮೇಲಿನ ಫ್ಯಾನ್ ಗಾಳಿಯನ್ನು ಕಲಕುತ್ತದೆ ಅಷ್ಟೇ. ಆವಿಯನ್ನು ಕೆಳಮಟ್ಟದಿಂದಲೇ ಹೊರಗೆಳೆಯುವ ಎಕ್ಸಾಸ್ಟ್ ಬೇಕು.

ಇನ್ನೂ ಅಪಾಯದ್ದು ಹಾರ್ಡನರ್. ಇದನ್ನು ಬೆರೆಸುವ ಎಷ್ಟೋ ಬಣ್ಣಗಳಲ್ಲಿ ಐಸೋಸೈನೇಟ್ ಇರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸೈನೇಟ್ ಕೂಡ ಇದೇ ಗುಂಪಿನದು. ಗ್ಯಾರೇಜಿನದು ಬೇರೆ ರಾಸಾಯನಿಕ, ಅಷ್ಟು ಬೇಗ ಆವಿಯಾಗುವುದಿಲ್ಲ. ಆದರೆ ಸ್ಪ್ರೇ ಮಾಡಿದಾಗ ಹನಿಗಳ ಜೊತೆ ಶ್ವಾಸಕೋಶ ಸೇರಿ ಅಸ್ತಮಾ ತರಬಲ್ಲದು. ಒಮ್ಮೆ ದೇಹಕ್ಕೆ ಇದರ ಅಲರ್ಜಿ ಹತ್ತಿತು ಅಂದರೆ ಆಮೇಲೆ ಚೂರೇ ಚೂರು ತಗುಲಿದರೂ ಉಸಿರು ಕಟ್ಟುತ್ತದೆ. ವಾಸನೆ ಬರಲಿಲ್ಲ, ಹಾಗಾಗಿ ಅಪಾಯ ಇಲ್ಲ ಅನ್ನುವ ಹಾಗೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಆವಿಯನ್ನು ಹಿಡಿಯುವ ಸಕ್ರಿಯ ಇದ್ದಿಲು, ಹನಿಯನ್ನು ತಡೆಯುವ ಫಿಲ್ಟರ್ ಎರಡೂ ಇರುವ ಮಾಸ್ಕ್ ಬೇಕು. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ಕಾರ್ಟ್ರಿಜ್ ಅನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಹಾರ್ಡನರ್ ಬಣ್ಣ ಹೊಡೆಯುವಾಗ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕ್ ಇನ್ನೂ ಉತ್ತಮ. ಕೈಗೆ ಗ್ಲೌಸ್ ಇರಲಿ. ಥಿನ್ನರ್‌ನಲ್ಲಿ ಕೈ ತೊಳೆಯೋದು ಬೇಡ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು; ಒಣಗಿದ್ದನ್ನು ಉಜ್ಜದೆ ನೀರು ಹಾಕಿ ಉಜ್ಜಿದರೆ ಧೂಳು ಕಡಿಮೆ.

ಗನ್ ತೊಳೆದ ಥಿನ್ನರನ್ನು ಗಟಾರಕ್ಕೆ ಚೆಲ್ಲಿದರೆ ಮಳೆನೀರಿನ ಜೊತೆ ಹಳ್ಳ, ಹೊಳೆ ಸೇರುತ್ತದೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿ ನಿಲ್ಲಿಸಿಡಿ. ಬಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಬಹುದು. ಇದರಿಂದ ದುಡ್ಡೂ ಉಳಿಯುತ್ತದೆ. ತಳದ ಗಸಿ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ಪರವಾನಗಿ ಇದ್ದವರಿಗೇ ಕೊಡಬೇಕು.

ಕೊನೆಗೊಂದು ಮಾತು. ಮನೆಯಲ್ಲಿ ಪೇಂಟರ್ ಇದ್ದರೆ ಗಮನಿಸಿ: ಕೆಲಸದ ದಿನ ಸಂಜೆ, ರಾತ್ರಿ ಕೆಮ್ಮು, ಉಬ್ಬಸ, ರಜೆಯಲ್ಲಿ ಊರಿಗೆ ಹೋದಾಗ ಆರಾಮ. ಹೀಗಿದ್ದರೆ ಬೇಗ ಡಾಕ್ಟರಿಗೆ ತೋರಿಸಿ. 'ನಾನು ಸ್ಪ್ರೇ ಪೇಂಟಿಂಗ್ ಮಾಡ್ತೀನಿ' ಅಂತ ಅವರು ಮೊದಲೇ ಹೇಳಲಿ. ಕೆಮ್ಮಿನ ಔಷಧಿಗಿಂತ ಮೊದಲು ಡಾಕ್ಟರಿಗೆ ಗೊತ್ತಾಗಬೇಕಾದ ವಿಷಯ ಅದು.