ಕಂಬಿಯ ಬಣ್ಣ ಆಮೇಲೆ, ಮೊದಲು ನೀರು ನೋಡಿ!

ಚಿಕ್ಕಜಾಲಕ್ಕೆ ಕಡಲು ಬಲು ದೂರ. ಆದರೂ ಮನೆ ಕಟ್ಟೋರಿಗೆ ಉಪ್ಪಿನ ಕಾಟ ತಪ್ಪಿದ್ದಲ್ಲ. ಸವಳು ಬೋರ್‌ವೆಲ್ ನೀರಿನ ಜೊತೆಗೇ ಅದು ಕಾಂಕ್ರೀಟಿಗೆ ಸೇರಬಹುದು. ಉಪ್ಪು ತಗುಲಿದ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ತಾರಸಿಯನ್ನೇ ಸೀಳುತ್ತೆ.

ಇದಕ್ಕೆ ಮದ್ದು ಅಂತ ಬಂದದ್ದು ಎಪಾಕ್ಸಿ ಲೇಪದ ಕಂಬಿ. ಲೇಪ ಗಟ್ಟಿಯಿದ್ದರೆ ಸರಿ. ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ಶುರು. ಅಮೆರಿಕದ ಫ್ಲೋರಿಡಾದ ಕಡಲ ಸೇತುವೆಯಲ್ಲಿ, ಕಟ್ಟಿ ಹತ್ತು ವರ್ಷ ತುಂಬುವ ಮೊದಲೇ, 1986ರಲ್ಲಿ ಇಂಥ ಕಂಬಿಯ ಬಂಡವಾಳ ಬಯಲಾಯಿತು.

ಕತ್ತರಿಸಿದ ತುದಿ, ಬಾಗಿಸಿದ ಕಡೆ ಮತ್ತೆ ಲೇಪ ಹಚ್ಚದೆ ಮೋಲ್ಡ್ ಹಾಕಿದರೆ ಕೊಟ್ಟ ಹೆಚ್ಚಿನ ದುಡ್ಡು ನೀರುಪಾಲು. ಐಎಸ್ 456 ಪ್ರಕಾರ ಕಂಬಿ ಹಾಕುವ ಕಾಂಕ್ರೀಟಿನ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಆಮೇಲೆ ಮೇಸ್ತ್ರಿಗೆ ಹೂಂ ಅನ್ನಿ.